ಸೊಸಿ ಎದುರು ಮಾತಾಡಿದ ದಿನಗಳು

ಸಾಂತಾಕ್ರೂಜ್, ಮುಂಬೈ
೪ ನವೆಂಬರ್ ೨೦೨೪

ಸುಂದ್ರವ್ವಗ ಹನುಮವ್ವನ ಆಶೀರ್ವಾದ.

ಕಾಗದ ಬರಿಯುವಾಗ ಮೊದಲ ಎಲ್ಲಾರೂ ಆರಾಮ ಅಂತ ಬರೀಬೇಕು ಅಂತ ಸಾಲಿ ಮಾಸ್ತರ ಕಲಿಸಿದ್ದ. ನಾಕನೇ ಕ್ಲಾಸಿನ ತನಕ ಕಲತದ್ದರಾಗ ಉಳದದ್ದು ಅದೊಂದ. ಬರದೇನಿ ಅನಕೋ. ಮುಂದ ಓದು.

ನಿನ್ನ ಕಿವಿ ಪೂರಾ ಹೋದವು ಅಂತ ನಿನ್ನ ಮಗ ಈಶ್ವರ ಹೇಳಿದ. ಫೋನಿನ್ಯಾಗ ನಾ ಒದರೂದು, ನೀ ‘ಹಾಂ? ಹಾಂ?’ ಅನ್ನೂದು ಕೇಳಿ ನಮ್ಮ ಚಾಳಿನ ಮಂದಿ ಎಲ್ಲಾ ನಗತಿತ್ತು. ಇನ್ನ ಮ್ಯಾಲ ಬರದ ಮಾತಾಡೂನು. ಆದ್ರ ಈ ಕಾಗದ ಯಾರ ಕೈಯಾಗೂ ಕೊಡಬ್ಯಾಡ. ಈಶ್ವರನ ಕೈಯಾಗೂ ಬ್ಯಾಡ. ನಿನಗ ಓದಾಕ ಬರತೈತಿ, ಕಣ್ಣ ಇನ್ನೂ ಅದಾವ.

ಮಾತು ನಿನ್ನ ಮಗಳದು. ದಾನೇಶ್ವರಿ ನನಗ ಸೊಸಿ ಆಗೂದಕ್ಕಿಂತ ಮೊದಲ ನನ್ನ ತಮ್ಮನ ಮಗಳು. ನಿನ್ನ ಉಡ್ಯಾಗಿಂದ ಎತ್ತಿ ನನ್ನ ಮಗ ಶಿವಪುತ್ರಗ ಮಾಡಿಕೊಂಡಾಕಿ ನಾನ. ಈ ಒಂದ ಖೋಲಿಯೊಳಗ ಆಕಿ ನಾನು ಇಪ್ಪತ್ತೆರಡು ವರ್ಷ ಜಗಳಾ ಆಡೇವಿ. ನೀರಿಗೆ, ಉಪ್ಪಿಗೆ, ಕಿಡಕಿ ತಗಿಯೂದಕ, ಮುಚ್ಚೂದಕ. ನಾ ಒಂದ ಅಂದ್ರ ಆಕಿ ಎರಡ. ನನ್ನ ನಾಲಿಗಿ ಕುಡಗೋಲ ಅಂತಿದ್ದಿ ನೀನು. ಆಕಿ ನಾಲಿಗಿ ಆ ಕುಡಗೋಲ ಮಸಿಯೂ ಕಲ್ಲ. ಶಿವಪುತ್ರ ಕಟ್ಟಡದ ಸೈಟು ಅಂತ ನಾಸಿಕ್ ಕಡೆ ಇರತಾನ, ಹದಿನೈದ ದಿನಕ್ಕೊಮ್ಮೆ ಬರತಾನ. ಮೊಮ್ಮಗಳು ಶಿವಕುಮಾರಿ ಪಾರ್ಲೆದ ಕಾಲೇಜಿಗೆ ಹೋಗತಾಳ. ಹಗಲೆಲ್ಲಾ ನಾವಿಬ್ಬರ. ಜಗಳಾ ಬಿಟ್ಟರ ನಮಗ ಬ್ಯಾರೆ ಮಾತು ಎಲ್ಲಿತ್ತು?

ಈಗ ಎಂಟು ತಿಂಗಳಾತು, ಆಕಿ ಎದುರು ಮಾತಾಡೂದು ಬಿಟ್ಟಾಳ. ‘ಇದೇನ ಸಾರೋ ಕೆರಿ ನೀರೋ’ ಅಂದ್ರ ‘ಹೂಂ ಅತ್ತಿ’ ಅಂತಾಳ. ಹೂಂ! ಮೊದಲ ನನಗ ಏನ ಅನಿಸ್ತು ಗೊತ್ತೈತೇನ? ಗೆದ್ದೆ ಅನಿಸ್ತು. ಎರಡ ದಿನ ಖುಷಿಲೆ ಇದ್ದೆ. ಮೂರನೇ ದಿನ ಆಕಿ ಹಣಿಗಿ ಹಿಡದು ತಲಿ ಹಿಕ್ಕೊಳ್ಳಲಿಲ್ಲ. ಅಡಗಿ ಮಾಡಾಕ ಹೋಗತಿದ್ದ ಪಾರ್ಲೆದ ಮೂರು ಮನಿ ಒಂದೊಂದ ಬಿಟ್ಟಳು. ಈಗ ಹಾಸಿಗಿ ಬಿಟ್ಟು ಏಳೂದಿಲ್ಲ. ಕಾರಣ ಹುಡುಕಿ ಹುಡುಕಿ ದಣದೆ. ಹೊಡಿಯವರಿಲ್ಲ, ಬಡಿಯವರಿಲ್ಲ, ಯಾರೂ ಸತ್ತಿಲ್ಲ.

ಶಿವಕುಮಾರಿ ತಿಳಿಸಿ ಹೇಳಿದಳು. ಆಕಿ ಕನ್ನಡ ನಿನಗ ಗೊತ್ತ ಐತಿ. ‘ಆಯಿ, ಮಮ್ಮಿ ಕೋ ಡಿಪ್ರೆಶನ್ ಹೈ. ತಪ್ಪು ಯಾರದೂ ಇಲ್ಲ.’ ಡಾಕ್ಟರ ಬಾಯಿ ಎರಡು ಜಾತಿ ಗುಳಿಗಿ ಕೊಟ್ಟು ನೋಡಿದಳು. ಹತ್ತಲಿಲ್ಲ. ಈಗ ಕೆಟಮಿನ್ ಅಂತ ಒಂದು, ಸಲಾಯಿನ್ನಿನ್ಯಾಗ ಹಾಕಿ ಬಿಡತಾರಂತ. ಆಪರೇಶನ್‌ಗೆ ಮೈ ಮರಸೂ ಔಷಧ ಅದು. ಕುದುರಿಗೂ ಕೊಡತಾರ ಅಂತ ಮೊಮ್ಮಗಳು ಫೋನಿನ್ಯಾಗ ಓದಿದಳು. ‘ನನ್ನ ಸೊಸಿ ಕುದುರಿ ಅಲ್ಲ ಬಾಯಾರ’ ಅಂದೆ. ಡಾಕ್ಟರ ಬಾಯಿ ನಕ್ಕಳು. ದಾನೇಶ್ವರಿ ನಗಲಿಲ್ಲ.

ಒಂದ ಮಾತು ಕೇಳತೇನಿ, ಖರೆ ಹೇಳು. ಆಕಿ ನನ್ನ ಮ್ಯಾಲ ನಿನಗೇನರ ಬರದಾಳೇನ? ನನ್ನ ಮಾತು ಎಲ್ಲಿಯರ ಆಳಕ್ಕ ನಟ್ಟೈತೇನ?

ಹನುಮವ್ವ


೧೧ ನವೆಂಬರ್ ೨೦೨೪

ಅಕ್ಕಾರಿಗೆ ಸುಂದ್ರವ್ವನ ಶರಣು.

ಕಾಗದ ಮುಟ್ಟಿತು. ಮೂರು ಸಲ ಓದಿ ಟ್ರಂಕಿನ್ಯಾಗ ಇಟ್ಟೀನಿ. ನನ್ನ ಮಗಳು ನಿಮ್ಮ ಮ್ಯಾಲ ಒಂದಕ್ಷರ ಬರದಿಲ್ಲ. ಬರದಿದ್ರ ಚಲೋ ಇತ್ತು ಅನಸ್ಲತ್ತದ ಈಗ.

ಅವಳು ಮಲಗಿದಾಗ ಮಾರಿ ಗ್ವಾಡಿ ಕಡಿ ಮಾಡ್ತಾಳೋ, ಮಂದಿ ಕಡಿ ಮಾಡ್ತಾಳೋ? ಬರೀರಿ. ಯಾಕ ಅಂತ ಕೇಳಬ್ಯಾಡ್ರಿ, ಕೇಳಬೇಕನಿಸ್ತು.

ಔಷಧ ಹಾಕಸ್ರಿ. ನಾನೂ ನಮ್ಮೂರ ದ್ಯಾಮವ್ವಗ ಹರಕಿ ಹೊತ್ತೀನಿ. ನನ್ನ ಮಗಳು ಎದ್ದು ಕೂತ ಸುದ್ದಿ ಬಂದ ದಿನ ಬಾವಿಯಿಂದ ಗುಡಿ ತನಕ ನೆಲಕ್ಕ ಉದ್ದಕ ಬಿದ್ದು ಎದ್ದು ದೀಡ ನಮಸ್ಕಾರ ಹಾಕ್ತೀನಿ. ಒಂದ ಬೇಡ್ಕೊಳ್ತೀನಿ ಅಕ್ಕಾರ, ಈ ಬ್ಯಾನಿ ಹೆಸರು ಊರಿಗೆ ಮುಟ್ಟಬಾರದು. ಯಾರರ ಕೇಳಿದ್ರ ಮಂಡಿ ನೋವು ಅನ್ರಿ.

ಸುಂದ್ರವ್ವ


ಸಾಂತಾಕ್ರೂಜ್
೧೯ ನವೆಂಬರ್ ೨೦೨೪

ಸುಂದ್ರವ್ವ,

ನಿನ್ನ ಮಗಳು ನನಗ ಬೈದಳು!

ಸಾವಕಾಶ ಹೇಳತೇನಿ. ನಿನ್ನೆ ಸೋಮವಾರ ಚೆಂಬೂರಿನ ದವಾಖಾನಿಗೆ ಕರಕೊಂಡ ಹೋಗಿದ್ದೆವು. ಕೈಗೆ ಸೂಜಿ ಹಚ್ಚಿ ಮುಕ್ಕಾಲ ತಾಸು ಹನಿ ಹನಿ ಬಿಟ್ಟರು. ಆಮ್ಯಾಲ ಎರಡ ತಾಸು ಅಲ್ಲೇ ಮಲಗಿಸಿ ಬಿ.ಪಿ. ನೋಡಿದರು. ಒಬ್ಬಾಕೀನ ಮನಿಗೆ ಬಿಡೂದಿಲ್ಲಂತ, ಜೋಡಿ ಒಬ್ಬರು ಇರಾಕ ಬೇಕಂತ. ನಾ ಹೊರಗ ಕಟ್ಟಿಗಿ ಬಾಂಕಿನ ಮ್ಯಾಲ ಕುಂತಿದ್ದೆ. ವಿನೋದಿನಿ ಅಂತ ಒಬ್ಬ ನರ್ಸ್ ಬಾಯಿ, ಉಡುಪಿ ಕಡ್ಯಾಕಿ. ಆಕಿ ಕನ್ನಡ ಪುಸ್ತಕದಾಗಿಂದು ಹರದ ಕೊಟ್ಟಂಗ.

‘ಅಜ್ಜಿ, ನಾಳೆಗೇ ಹಗುರ ಆಗಿಬಿಡಬಹುದು. ಆದರೆ ಒಂದು ಸಲದ್ದು ಹೆಚ್ಚು ದಿನ ನಿಲ್ಲುವುದಿಲ್ಲ. ಕೆಲವರಿಗೆ ಮೂರು ದಿನ, ಕೆಲವರಿಗೆ ವಾರ. ಅದಕ್ಕೇ ವಾರಕ್ಕೆ ಎರಡರ ಹಾಗೆ ಆರು ಸಲ ಬರ್ಲಿಕ್ಕೆ ಹೇಳುವುದು. ಮಾತ್ರೆಯೂ ಬಿಡಬಾರದು.’

‘ಆರು ಸಲ ಆದ ಮ್ಯಾಲ?’

‘ಆಮೇಲೆ ನೋಡುವಾ. ಎಷ್ಟು ದಿನ ಅಂತ ಬರೆದುಕೊಡ್ಲಿಕ್ಕೆ ಯಾರಿಗೂ ಆಗುವುದಿಲ್ಲ ಮಾರಾಯ್ರೆ.’

‘ನಿಮ್ಮ ಕಡೆ ಹೋಟೆಲಿನ್ಯಾಗ ಇಡ್ಲಿ ಕೊಡುವಾಗೂ ಹಿಂಗ ಹೆದರಿಸಿ ಕೊಡತಾರೇನ?’ ಅಂದೆ. ನಕ್ಕು ಒಳಗ ಹೋದಳು.

ರಿಕ್ಷಾದಾಗ ಬರುವಾಗ ದಾನೇಶ್ವರಿ, ‘ಅತ್ತಿ, ನನ್ನ ಕೈ ನನ್ನಿಂದ ಬಾಳ ದೂರ ಇದ್ದಂಗ ಇತ್ತು’ ಅಂದಳು, ಅಷ್ಟ. ಇವತ್ತು ಮುಂಜಾನೆ ನಾ ಚಾ ಮಾಡಿ ಮುಂದ ಇಟ್ಟೆ. ಒಂದ ಗುಟಕ ಕುಡದಳು. ಮಾರಿ ಕಿವಚಿದಳು.

‘ಇದು ಚಾ ಏನ್ರಿ ಅತ್ತಿ? ಪಾತ್ರಿ ತೊಳದ ನೀರ ಇದ್ದಂಗ ಐತಿ.’

ಎಂಟು ತಿಂಗಳ ಮ್ಯಾಲ, ಸುಂದ್ರವ್ವ! ನಾ ಬಿಡತೇನೇನ? ‘ಬಾಯಿ ತೊಳಕೊಂಡ ಕುಡಿ, ರುಚಿ ಹತ್ತತೈತಿ’ ಅಂದೆ.

‘ನಿಮ್ಮ ಬಾಯಿ ತೊಳ್ಯಾಕ ಬಕೆಟ್ ನೀರ ಸಾಲೂದಿಲ್ಲ. ಜುಹೂ ಹತ್ರನ ಐತಿ, ಹೋಗಿ ಸಮುದ್ರದಾಗ ಮುಕ್ಕಳಿಸಿ ಬರ್ರಿ.’

ನಾ ಮೋರಿ ಕಡೆ ತಿರುಗಿ ಪಾತ್ರಿ ತಿಕ್ಕಿದಂಗ ಮಾಡಿ ಅತ್ತೆ. ತಿಕ್ಕಾಕ ಪಾತ್ರಿನ ಇರಲಿಲ್ಲ. ಆಕಿ ಎದ್ದು ತಾನ ಹೊಸ ಚಾ ಮಾಡಿದಳು, ತಲಿ ಹಿಕ್ಕೊಂಡಳು, ಕಿಡಕಿ ತಗದಳು.

ಆರಾಮಾದಳು. ಹರಕಿ ಮುಟ್ಟಿಸು.

ಗ್ವಾಡಿ ಕಡಿ ಮಾಡತಿದ್ದಳು ಮಾರಿ. ಕೇಳಿದ್ದಿಯಲ್ಲಾ, ಅದಕ್ಕ ಬರದೆ. ಇನ್ನ ಅದರ ಸುದ್ದಿ ಯಾಕ?

ಹನುಮವ್ವ


೨೬ ನವೆಂಬರ್ ೨೦೨೪

ಅಕ್ಕಾರಿಗೆ ಶರಣು.

ನಿಮ್ಮ ಕಾಗದ ಎದಿಮ್ಯಾಲ ಇಟ್ಕೊಂಡು ಒಂದ ತಾಸು ಕೂತಿದ್ದೆ. ಇವತ್ತು ಮಂಗಳವಾರ, ಹರಕಿ ತೀರಸ್ದೆ. ಒದ್ದಿ ಸೀರಿಲೆ ಬಾವಿಯಿಂದ ಗುಡಿ ತನಕ. ಮೊಣಕೈ ಕಿತ್ತಾವ, ಅರಿಷಿಣ ಹಚ್ಚೀನಿ, ಹೆದರಬ್ಯಾಡ್ರಿ. ಯಾತರ ಹರಕಿ ಅಂತ ಮಂದಿ ಕೇಳಿದ್ರು. ಕಿವಿ ಕೇಳ್ಸಂಗಿಲ್ಲ ಅಂತ ಸುಮ್ಮ ನಕ್ಕೆ. ಕಿವುಡಿ ಆದದ್ದೂ ಒಂದೊಂದ ಸಲ ಚಲೋ.

ಮುಂಬೈಗೆ ಬಸ್ ಓಡಸೂ ಶೆಟ್ಟೆಪ್ಪನ ಕೈಯಾಗ ಗುಡಿ ಅರಿಷಿಣ, ಭಂಡಾರ ಕಳಸೀನಿ. ದಿನಾ ಹಣಿಗೆ ಹಚ್ಚರಿ. ಮತ್ತ ಒಂದ ಮಾತು. ಹರಕಿ ಮುಟ್ಟಿದ ಮ್ಯಾಲ ಸೂಜಿ, ಗುಳಿಗಿ ಮುಟ್ಟಬಾರದು. ಮುಟ್ಟಿದ್ರ ದೇವಿನ ಅನುಮಾನ ಮಾಡ್ದಂಗ. ಇನ್ನ ದವಾಖಾನಿ ಸಾಕು ಅಕ್ಕಾರ.

ಸುಂದ್ರವ್ವ


ಸಾಂತಾಕ್ರೂಜ್
೩೦ ನವೆಂಬರ್ ೨೦೨೪

ಸುಂದ್ರವ್ವ,

ಭಂಡಾರ ಮುಟ್ಟಿತು. ಮೂರು ಸಲ ಔಷಧ ಆಗಿತ್ತು, ಇನ್ನ ಮೂರು ಇತ್ತು. ಗುರುವಾರ ಕರಕೊಂಡ ಹೋಗಲಿಲ್ಲ. ಗುಳಿಗಿ ಡಬ್ಬಿಯೊಳಗ ಹಾಕಿ ಮ್ಯಾಲಿನ ಹಲಗಿ ಮ್ಯಾಲ ಇಟ್ಟೇನಿ.

ಮೊಮ್ಮಗಳು ಕುಣದಾಡಿದಳು. ‘ಆಯಿ, ಪಾಗಲ್ ಹೋ ಕ್ಯಾ? ಸಿಕ್ಸ್ ಅಂದ್ರ ಸಿಕ್ಸ್!’ ಅಂತ. ‘ನಿಮ್ಮ ಅವ್ವನ ಹಡದಾಕಿ ನೆಲಕ್ಕ ಬಿದ್ದು ಬೇಡಿಕೊಂಡಾಳ, ಅದು ಯಾವ ಲೆಕ್ಕದಾಗೂ ಇಲ್ಲೇನ?’ ಅಂದೆ. ವಿನೋದಿನಿ ಫೋನ್ ಮಾಡಿದಳು. ‘ಅಜ್ಜಿ, ನಿಮ್ಮ ದೇವರಿಗೆ ನಾನೂ ಕೈ ಮುಗಿಯುತ್ತೇನೆ, ನೀವು ಸೋಮವಾರ ಬನ್ನಿ’ ಅಂದಳು. ಬರೂದಿಲ್ಲ ಅಂದೆ.

ಆಕೀನ ಕೇಳಿದೆ. ‘ಅವ್ವ ಹೇಳ್ಯಾಳಂದ್ರ ಸಾಕ ಬಿಡ್ರಿ’ ಅಂದಳು. ಇವತ್ತು ನನ್ನ ಸೀರಿ ನಿರಗಿ ನೋಡಿ ‘ಡೇರೆ ಕಟ್ಟಿದಂಗ ಉಟ್ಟೀರಿ’ ಅಂದಳು. ಛಂದ ಇದ್ದಾಳ.

ಹನುಮವ್ವ


ಸಾಂತಾಕ್ರೂಜ್
೧೬ ಡಿಸೆಂಬರ್ ೨೦೨೪

ಸುಂದ್ರವ್ವ,

ಬರಿಯಾಕ ತಡಾ ಆತು, ಕೆಲಸ. ಇಲ್ಲಿ ಎಲ್ಲಾ ಆರಾಮ. ನಿನ್ನ ಮಗಳ ಜಗಳ ಏನ ಕೇಳತಿ? ನಿನ್ನೆ ಕಿಡಕಿ ಮ್ಯಾಲ ಸುರುವಾತು. ಗಾಳಿ ಬರತೈತಿ ಮುಚ್ಚು ಅಂದೆ. ಆಕಿ ಸೊಂಟದ ಮ್ಯಾಲ ಕೈ ಇಟಕೊಂಡು, ‘ನಿಮಗ ಗಾಳಿನೂ ಆಗೂದಿಲ್ಲ, ಬೆಳಕೂ ಆಗೂದಿಲ್ಲ. ನಿಮ್ಮ ತವರ ಮನ್ಯಾಗ ಕಿಡಕಿ ಇರಲಿಲ್ಲ ಅಂತ ಕಾಣತೈತಿ. ಅಂಥಾ ಮನಿಯಿಂದ ತಂದಾರ ನಮ್ಮ ಮಾವನವರು’ ಅಂದಳು. ನಾನೂ ಬಿಡಲಿಲ್ಲ. ಮಧ್ಯಾಹ್ನದ ತನಕ ನಡೀತು. ಬಾಜು ಖೋಲಿಯವರು ಬಂದು ಬಿಡಿಸಿದರು.

ಹಿಂಗ ದಿನಾ ಒಂದು. ನೀ ಚಿಂತಿ ಮಾಡಬ್ಯಾಡ.

ಹನುಮವ್ವ


ಸಾಂತಾಕ್ರೂಜ್
೩೦ ಡಿಸೆಂಬರ್ ೨೦೨೪

ಸುಂದ್ರವ್ವ,

ಎಲ್ಲಾ ಆರಾಮ. ಮೊನ್ನೆ ನಿನ್ನ ಮಗಳು ಉಪ್ಪಿನ ಮ್ಯಾಲ ಜಗಳಾ ತಗದಳು. ಬಾಯಿಗೆ ಕೀಲಿ ಇಲ್ಲ ಆಕೀಗೆ.

ಭಂಡಾರ ತೀರಿತು. ಶೆಟ್ಟೆಪ್ಪ ಬರುವಾಗ ಇನ್ನೊಂದಿಷ್ಟು ಕಳಸು. ಜಾಸ್ತಿ ಕಳಸು.

ಹನುಮವ್ವ


೭ ಜನವರಿ ೨೦೨೫

ಅಕ್ಕಾರಿಗೆ ಶರಣು.

ಎರಡೂ ಕಾಗದ ಮುಂದ ಇಟ್ಕೊಂಡು ಕೂತೀನಿ. ಭಂಡಾರ ಕಳಸೂದಿಲ್ಲ. ಮೊದಲ ನಾ ಕೇಳಿದ್ದಕ್ಕ ಉತ್ತರ ಕೊಡ್ರಿ.

‘ನಿಮ್ಮ ತವರ ಮನ್ಯಾಗ ಕಿಡಕಿ ಇರಲಿಲ್ಲ’ ಅಂತ ದಾನವ್ವ ಅಂದ್ಲು ಅಂತ ಬರದೀರಿ. ನಿಮ್ಮ ತವರ ಮನಿ ಯಾವದ್ರಿ ಅಕ್ಕಾರ? ನಾ ಕೂತು ಈ ಕಾಗದ ಬರೀಲತ್ತೀನಲ್ಲ, ಇದ. ಅವಳು ಹುಟ್ಟಿದ ಮನಿನೂ ಇದ. ಎಲ್ಲಾ ಅತ್ತಿ ಸೊಸಿ ತವರ ಮನಿ ಎತ್ತಿ ಬೈದಾಡ್ತಾರ, ನೀವಿಬ್ಬರೂ ಬೈದಾಡ್ಲಿಕ್ಕ ಬರಂಗಿಲ್ಲ. ಇಪ್ಪತ್ತೆರಡು ವರ್ಷದಾಗ ನೀವು ಒಮ್ಮೆರ ಅವಳ ತವರಿಗೆ ಅಂದೀರೇನು? ಅವಳು ನಿಮ್ಮ ತವರಿಗೆ ಅಂದಾಳೇನು? ತನ್ನ ತಾಯಿ ತಂದಿಗೆ ತಾನ ಬೈಯೂ ಮಗಳನ್ನ ನಾ ಹಡದಿಲ್ಲ.

ಆ ಜಗಳ ಆಗಿಲ್ಲ. ನೀವು ಕೂತು ಕಟ್ಟೀರಿ.

ಖರೇ ಬರೀರಿ.

ಸುಂದ್ರವ್ವ


ಸಾಂತಾಕ್ರೂಜ್
೧೨ ಜನವರಿ ೨೦೨೫

ಸುಂದ್ರವ್ವ,

ಈ ಕಾಗದ ಟಪಾಲಿಗೆ ಹಾಕೂದಿಲ್ಲ. ಶೆಟ್ಟೆಪ್ಪನ ಕೈಯಾಗ ಕೊಡತೇನಿ, ಉತ್ತರ ಬರಸಿಕೊಂಡ ಬಾ ಅಂತ ಹೇಳತೇನಿ.

ಕಟ್ಟಿದೆ. ಹೌದು. ಆಕಿ ಎದುರು ಮಾತಾಡಿದ್ದು ಒಟ್ಟ ಹದಿನೆಂಟ ದಿನ. ಕಡೀ ಔಷಧ ಹಾಕಿಸಿದ ಮ್ಯಾಲ ಹನ್ನೊಂದು ದಿನ ನಿಂತಿತು. ಡಿಸೆಂಬರ್ ಏಳಕ್ಕ ಮುಂಜಾನೆ ಚಾ ಕೊಟ್ಟೆ, ಸುಮ್ಮ ಕುಡದಳು. ನಿದ್ದಿ ಬಿಟ್ಟಿಲ್ಲ ಅನಕೊಂಡೆ. ಮರುದಿನ ಬೇಕಂತ ಸಪ್ಪನ ಚಾ ಮಾಡಿದೆ. ಕುಡದಳು. ಅದರ ಮರುದಿನ ಸಕ್ಕರಿ ಬದಲಿ ಉಪ್ಪು ಹಾಕಿದೆ.

ಕುಡದಳು, ಸುಂದ್ರವ್ವ. ಪೂರಾ ಕುಡದು ಕಪ್ಪು ತೊಳದಿಟ್ಟು ಮಲಗಿದಳು.

ನಾ ಗ್ವಾಡಿ ಬಾಜು ಕುಂತು ಒಬ್ಬಾಕಿನ ಜಗಳಾ ಆಡಿದೆ. ನನ್ನ ಮಾತೂ ನಾನ, ಆಕಿ ಮಾತೂ ನಾನ. ಅದರಾಗಿಂದ ಒಂದ ಎತ್ತಿ ನಿನಗ ಬರದೆ. ಬರಿಯುವಾಗ ಛಂದ ಅನಿಸ್ತು, ಮನ್ಯಾಗ ಇಬ್ಬರು ಇದ್ದಂಗ. ತವರ ಮನಿ ಮಾತು ಎಲ್ಲಿಂದ ಬಂತೋ, ಚಾಳಿನ್ಯಾಗ ಎಲ್ಲಾರ ಬಾಯಾಗ ಕೇಳಿ ಕೇಳಿ ಬಂದಿರಬೇಕು. ಹಿಡದ ಹಾಕಿದಿ.

ಇನ್ನ ಮುಂದಿಂದು ಬರೀಬೇಕು. ಗುರುವಾರ ಕೊತ್ತಂಬರಿ ತರತೇನಿ ಅಂತ ಹನ್ನೊಂದಕ್ಕ ಹೋದಾಕಿ ಬರಲಿಲ್ಲ. ನಾ ಸ್ಟೇಶನ್ ರಸ್ತಾ ಎರಡ ಸಲ ಅಡ್ಡಾಡಿದೆ. ನಾಕು ಗಂಟೆಕ್ಕ ಶಿವಕುಮಾರಿ ಕಾಲೇಜಿನಿಂದ ಲೋಕಲ್ ಇಳದಳು, ಪ್ಲಾಟ್‌ಫಾರ್ಮ್ ತುದ್ಯಾಗ ಬಾಂಕಿನ ಮ್ಯಾಲ ತಾಯಿ ಕುಂತಿದ್ದಳಂತ. ಐದು ತಾಸು. ಕೈ ಹಿಡಕೊಂಡು ಕರಕೊಂಡ ಬಂದಳು. ‘ಏನ ಮಾಡತಿದ್ದಿ ಅಲ್ಲಿ?’ ಅಂದೆ. ‘ಕುಂತಿದ್ದೆ ಅತ್ತಿ. ಏಳಾಕ ಆಗಲಿಲ್ಲ’ ಅಂದಳು. ಅದಕ್ಕಿಂತ ಮುಂದ ಕೇಳಾಕ ನನ್ನ ಈ ಬಾಯಿಗೆ ಧೈರ್ಯ ಬರಲಿಲ್ಲ. ಎಂಥಾ ಬಾಯಿ ಇದು, ಬೇಕಾದಾಗ ಬರೂದಿಲ್ಲ.

ಶಿವಪುತ್ರ ಸೈಟ್ ಬಿಟ್ಟು ಬಂದಾನ. ನಾವು ಮೂವರೂ ಪಾಳಿ ಹಚ್ಚಿ ಆಕಿ ಬಾಜು ಇದ್ದೇವಿ. ನೀರಿಗೆ ಹೋದ್ರೂ ಹಿಂದ ಒಬ್ಬರು ಹೋಗತೇವಿ. ಡಾಕ್ಟರ ಬಾಯಿ ಈಗ ಬರ್ರಿ ಅಂತಾಳ. ಒಲ್ಲೆ ಅನ್ನಾಕಿ ದಾನೇಶ್ವರಿ. ಏನಂತಾಳ ಕೇಳು. ‘ಅವ್ವ ಈ ವಯಸ್ಸಿನ್ಯಾಗ ನನ್ನ ಸಲುವಾಗಿ ನೆಲಕ್ಕ ಬಿದ್ದಾಳ. ಅಷ್ಟಾದ್ರೂ ನಾ ಏಳಲಿಲ್ಲಂದ್ರ ದ್ವಾಷ ನನ್ನೊಳಗ ಐತಿ. ಈಗ ಸೂಜಿ ಹಾಕಿಸಿಕೊಂಡು ಆಕಿ ಹರಕಿನೂ ಹಾಳ ಮಾಡಲೇನ್ರಿ?’

ಗಂಡ ಹೇಳಿದ, ಮಗಳು ಕಾಲ ಹಿಡದಳು. ಕೇಳವಲ್ಲಳು. ಇನ್ನ ಆಕಿ ಕೇಳೂದು ನಿನ್ನ ಮಾತೊಂದ. ನಿಲ್ಲಿಸಿದಾಕಿ ನಾನು, ನನ್ನ ತಪ್ಪು. ಆದ್ರ ಕೀಲಿ ನಿನ್ನ ಕೈಯಾಗ ಐತಿ.

ಸುಂದ್ರವ್ವ, ಲಗೂನ ಬರಿ.

ಹನುಮವ್ವ


೧೪ ಜನವರಿ ೨೦೨೫

ಅಕ್ಕಾರ,

ಶೆಟ್ಟೆಪ್ಪ ಕಟ್ಟಿಮ್ಯಾಲ ಕೂತು ಕಾಯ್ಲತ್ತಾನ. ಇವತ್ತು ಸಂಕ್ರಾಂತಿ, ಮನ್ಯಾಗ ಮಂದಿ ಅದ. ಬರೀಲಿಕ್ಕ ದನದ ಕೊಟಗಿಗೆ ಬಂದೀನಿ.

ಹರಕಿ ಮುಟ್ಟಿದ ಮ್ಯಾಲ ಔಷಧ ಮುಟ್ಟಬಾರದು ಅಂತ ಬರದಿದ್ನಲ್ಲ, ಆ ಮಾತು ದ್ಯಾಮವ್ವಂದಲ್ಲ. ಪೂಜಾರಿದೂ ಅಲ್ಲ. ನಂದು. ಆರು ಸಲ ಆ ದವಾಖಾನಿಗೆ ಹೋದ್ರ ಆರು ಸಲ ಯಾರರ ನಮ್ಮ ಕಡಿಯವರು ನೋಡ್ತಾರ ಅಂತ ಹೆದರಿದೆ. ತಾಯಿ ತಲಿ ಸರಿ ಇಲ್ಲ ಅಂದ್ರ ಶಿವಕುಮಾರಿಗೆ ವರ ಯಾರು ಕೊಡ್ತಾರ ಅಂತ. ಮಗಳು ಎದ್ದು ಕೂತಾಳಲ್ಲ, ಸಾಕು ಅನಿಸ್ತು. ನಿಮಗ ಹಂಗ ಹೇಳಿದ್ರ ನೀವು ಕೇಳಂಗಿಲ್ಲ. ದೇವಿ ಹೆಸರು ಹಾಕ್ದೆ.

ಯಾಕ ಹೆದರಿದೆ ಅಂತ ಕೇಳ್ತೀರಿ. ತಲಿ ಸರಿ ಇಲ್ಲ ಅನ್ನೂ ಮಾತು ನನ್ನ ಮ್ಯಾಲ ಊರ ತುಂಬ ಹಬ್ಬಿತ್ತು, ಅದಕ್ಕ. ದಾನವ್ವ ಹುಟ್ಟಿದ ಮ್ಯಾಲ ಹನ್ನೊಂದು ತಿಂಗಳು ನಾ ಗ್ವಾಡಿ ಕಡಿ ಮಾರಿ ಮಾಡಿ ಬಿದ್ದಿದ್ದೆ. ಕೂಸು ಅತ್ರ ಯಾವದೋ ಊರಾಗ ಅತ್ತಂಗ ಕೇಳಸ್ತಿತ್ತು. ನೀವು ತೊಟ್ಟಲಕ್ಕ ಬಂದಿದ್ರಿ. ಪಡಸಾಲ್ಯಾಗ ಎಲ್ಲಾರ ಮುಂದ ನಿಂತು ಅಂದ್ರಿ, ‘ಇದು ಬಾಣಂತನ ಅಲ್ಲ, ಬಾದಶಾನ ದರಬಾರ. ಎದ್ದು ನಾಕು ರೊಟ್ಟಿ ಬಡದ್ರ ಬ್ಯಾನಿ ತಾನ ಓಡಿ ಹೋಗತೈತಿ.’ ಮಂದಿ ನಕ್ಕಿತು. ಆವಾಗ ನನ್ನ ಕಿವಿ ಚಲೋ ಕೇಳಸ್ತಿದ್ದವು ಅಕ್ಕಾರ.

ಹನ್ನೊಂದು ತಿಂಗಳು ಆದ ಮ್ಯಾಲ ತಾನ ಹೋತು. ಹೆಂಗ ಬಂತೋ ಹಂಗ. ನನ್ನ ಮಗಳಿಗೆ ಹದಿನೆಂಟ ದಿನರ ಸಿಕ್ಕಾವ. ನನಗ ಆ ಹನ್ನೊಂದು ತಿಂಗಳಾಗ ಒಂದು ದಿನ ಸಿಕ್ಕಿದ್ರ ಅದಕ್ಕ ನಾ ಏನೂ ಕೊಡ್ತಿದ್ದೆ.

ಕ್ಯಾಳಗಿಂದು ಅವಳಿಗೆ ತೋರಸ್ರಿ. ನೀವು ಓದಬ್ಯಾಡ್ರಿ, ಅವಳೇ ಓದಲಿ.

ದಾನವ್ವ, ನಿನ್ನ ಅವ್ವ ಬರದದ್ದು. ನೀ ಹುಟ್ಟಿದ ವರ್ಷ ನನಗೂ ಇದ ಆಗಿತ್ತು. ದ್ವಾಷ ಇದ್ರ ನನ್ನಿಂದ ನಿನಗ ಬಂದದ, ನಿನ್ನದಲ್ಲ. ಹರಕಿ ನಾ ಹೊತ್ತದ್ದು, ನಾ ತೀರಿಸಿದ್ದು. ಹಾಳಾಗೂದಿದ್ರ ನನ್ನ ಲೆಕ್ಕಕ್ಕ ಆಗಲಿ. ಇವತ್ತು ಮುಂಜಾನೆ ಗುಡಿಗೆ ಹೋಗಿ ದ್ಯಾಮವ್ವನ ಮುಂದ ಸುಳ್ಳು ಒಪ್ಪಿಕೊಂಡು ಬಂದೀನಿ. ನೀ ಸೂಜಿ ಹಾಕಿಸಿಕೋ. ಆರೂ ಹಾಕಿಸಿಕೋ. ಮತ್ತ ಬಂದ್ರ ಮತ್ತ ಹಾಕಿಸಿಕೋ. ನಿನ್ನ ಅತ್ತಿಗೆ ಎದುರು ಮಾತಾಡು, ನನ್ನ ಪಾಲಿಂದೂ ಸೇರಿಸಿ ಮಾತಾಡು.

ಸುಂದ್ರವ್ವ


ಸಾಂತಾಕ್ರೂಜ್
೪ ಫೆಬ್ರುವರಿ ೨೦೨೫

ಸುಂದ್ರವ್ವ,

ನಿನ್ನ ಕಾಗದ ಓದಿ ಆಕಿ ಬಾಳ ಹೊತ್ತು ಅತ್ತಳು. ಆಮ್ಯಾಲ ತಾನ ಎದ್ದು ಸೀರಿ ಉಟಗೊಂಡಳು. ನಿನ್ನೆಗೆ ಆರೂ ಮುಗದವು. ಗುಳಿಗಿನೂ ಬ್ಯಾರೆ ಕೊಟ್ಟಾರ. ಈ ಸಲ ಒಂದಕ್ಕ ಏಳಲಿಲ್ಲ. ಮೂರನೇದಕ್ಕ ಕಣ್ಣೊಳಗ ಜೀವ ಬಂತು. ನಾಕನೇದಕ್ಕ ‘ಅತ್ತಿ, ಅವ್ವ ಹೇಳ್ಯಾಳ, ಆಕಿ ಪಾಲಿಂದೂ ನಾನ ಬೈಬೇಕಂತ’ ಅಂದಳು. ಬೈ ಅಂದೆ. ಬೈಲಿಲ್ಲ, ನಕ್ಕಳು.

ಬಾದಶಾನ ದರಬಾರ ಅಂದಿದ್ದೆನಂತ. ಅಂದಿರಬೇಕು. ನನಗ ನೆನಪಿಲ್ಲ, ಅದ ದೊಡ್ಡ ಪಾಪ. ಅಂದಾಕಿ ಅಂದು ಊರಿಗೆ ಹೋದಳು, ನೀ ಗ್ವಾಡಿ ನೋಡಿಕೋತ ಅಲ್ಲೇ ಉಳದಿ. ಆ ಹನ್ನೊಂದು ತಿಂಗಳಿಗೆ ಏನ ಬರೀಬೇಕಂತ ಎರಡು ಕಾಗದ ಹರದೆ. ಸಿಗಲಿಲ್ಲ.

ಹನುಮವ್ವ


೨೦ ಫೆಬ್ರುವರಿ ೨೦೨೫

ಅಕ್ಕಾರಿಗೆ ಶರಣು. ಕಾರ್ಡ್ ಸಾಕು ಅಂತ ಕಾರ್ಡ್ ಬರದೀನಿ. ಓದವರು ಓದಲಿ. ನನ್ನ ಮಗಳು ಹೆಂಗ ಇದ್ದಾಳ? ಎಷ್ಟು ದಿನ ಆತು? – ಸುಂದ್ರವ್ವ


ಚೆಂಬೂರು, ದವಾಖಾನಿ ಬಾಂಕಿನ ಮ್ಯಾಲಿಂದ
೨೭ ಫೆಬ್ರುವರಿ ೨೦೨೫

ಸುಂದ್ರವ್ವ,

ಇಪ್ಪತ್ತಮೂರು ದಿನ.

ಕಟ್ಟಿದ ಜಗಳ ಒಂದೂ ಇಲ್ಲದ ಬರೀತೇನಿ, ನಂಬು. ಇಪ್ಪತ್ತಮೂರು ದಿನದಾಗ ಎಲ್ಲಾ ದಿನ ಒಂದ ತರಾ ಇರಲಿಲ್ಲ. ನಾಕು ದಿನ ಬೈದಳು. ಒಂದು ದಿನ ನಾ ಬೈದೆ, ಆಕಿ ಕೇಳಿಸಿಕೊಳ್ಳದ ಫೋನಿನ್ಯಾಗ ಏನೋ ನೋಡಿ ನಕ್ಕಳು, ಅದೂ ಲೆಕ್ಕಕ್ಕ ಹಿಡದೆ. ಪಾರ್ಲೆದ ಒಂದು ಮನಿ ಅಡಗಿ ಮತ್ತ ಹಿಡದಳು. ಮಗಳ ಜೋಡಿ ಹೋಗಿ ಚಪ್ಪಲಿ ತಗೊಂಡ ಬಂದಳು. ಉಳದ ದಿನ ಸುಮ್ಮ ಇದ್ದಳು, ಆದ್ರ ಎದ್ದು ಇದ್ದಳು.

ನಿನ್ನೆ ಮುಂಜಾನೆ ನಾ ಅಕ್ಕಿ ಹಸನ ಮಾಡಾಕತ್ತಿದ್ದೆ. ಬಂದು ಬಾಜು ಕುಂತಳು.

‘ಅತ್ತಿ, ಬರಾಕತ್ತೈತಿ.’

‘ಯಾರು?’

‘ಅದ. ಕುಕ್ಕರಿನ ಸೀಟಿ ನಾಕು ಮನಿ ಆಚೆಯಿಂದ ಕೇಳಿದಂಗ ಆತು. ಫೋನ್ ಹಚ್ಚರಿ ವಿನೋದಿನಿ ಸಿಸ್ಟರ್‌ಗ. ನಾಳೆ ನನಗ ಹೇಳಾಕ ಆಗೂದಿಲ್ಲ, ಇವತ್ತ ಹೇಳಾಕತ್ತೇನಿ.’

ನನ್ನ ಕೈಯಾಗಿನ ಮೊರ ಕ್ಯಾಳಗ ಬಿತ್ತು. ಖೋಲಿ ತುಂಬ ಅಕ್ಕಿ. ಮೊದಲಿನಂಗಾದ್ರ ‘ಇನ್ನೊಂದು ದಿನ ನೋಡೂನು’ ಅಂತಿದ್ದೆ. ಅಕ್ಕಿ ಅಲ್ಲೇ ಬಿಟ್ಟು ಫೋನ್ ಹಚ್ಚಿದೆ.

ವಿನೋದಿನಿ ಆಕೀನ ಒಳಗ ಕರಕೊಂಡ ಹೋಗುವಾಗ ನನ್ನ ಕಡೆ ನೋಡಿ, ‘ಇಪ್ಪತ್ತಮೂರು ದಿನ ಅಂದ್ರೆ ಕಡಿಮೆ ಏನಲ್ಲ ಅಜ್ಜಿ. ಇನ್ನು ನಡು ನಡುವೆ ಒಂದೊಂದು ಕೊಟ್ಟು ನೋಡುವಾ ಅಂತ ಡಾಕ್ಟರ್ ಹೇಳಿದ್ದಾರೆ’ ಅಂದಳು.

‘ಇದು ಎಷ್ಟು ದಿನ ನಿಲ್ಲತೈತಿ?’

‘ಗೊತ್ತಿಲ್ಲ ಅಜ್ಜಿ.’

ನಾ ಇಡ್ಲಿ ಮಾತು ತಗಿಯಲಿಲ್ಲ. ‘ಆತು ತಾಯಿ’ ಅಂದೆ. ಗೊತ್ತಿಲ್ಲ ಅನ್ನಾಕೂ ಒಂದು ಗಟ್ಟಿತನ ಬೇಕಾಗತೈತಿ. ನಾವಿಬ್ಬರೂ ಎಲ್ಲಾ ಗೊತ್ತಿದ್ದವರಂಗ ಕಾಗದ ಬರದು ಎಲ್ಲಿಗೆ ಮುಟ್ಟಿದೆವು ನೋಡು.

ಶಿವಪುತ್ರ ಸೈಟಿಗೆ ಹೋಗ್ಯಾನ, ಮೊಮ್ಮಗಳಿಗೆ ಪರೀಕ್ಷಾ. ನಾ ಒಬ್ಬಾಕಿನ ಬಂದೇನಿ. ಈ ಬಾಂಕಿನ ಮ್ಯಾಲ ಬಾಳ ಮಂದಿ ಕುಂತಾರ, ಎಲ್ಲಾರೂ ಒಬ್ಬೊಬ್ಬರ ಬಂದಾರ. ಯಾರೂ ಯಾರ ಮಾರಿನೂ ನೋಡೂದಿಲ್ಲ. ನೀ ಬರೂದಾದ್ರ ಶೆಟ್ಟೆಪ್ಪನ ಬಸ್ಸಿಗೆ ಬಾ. ನಿನಗ ಕೇಳಸೂದಿಲ್ಲ, ಆಕಿ ಮಾತಾಡೂದಿಲ್ಲ, ಜೋಡಿ ಛಂದ ಆಗತೈತಿ. ಕೆಟ್ಟ ಮಾತು ಅಂದೆ, ಆದ್ರೂ ಬಾ. ಬಾಜು ಒಬ್ಬರು ಕುಂಡ್ರಾಕ ಬೇಕು ನನಗ.

ಒಳಗ ಹೋಗುವಾಗ ಹೊಸಾ ಚಪ್ಪಲಿ ಹೊರಗ ಬಿಡು ಅಂದರು. ಇಲ್ಲಿ ಬಿಟ್ಟರ ಯಾರರ ಹಾಕ್ಕೊಂಡ ಹೋಗತಾರ ಅಂತ ಎತ್ತಿ ಉಡ್ಯಾಗ ಇಟಕೊಂಡ ಕುಂತೇನಿ. ಎಪ್ಪತ್ತು ವರ್ಷದ ಅತ್ತಿ ಸೊಸಿ ಚಪ್ಪಲಿ ಉಡ್ಯಾಗ ಇಟಕೊಂಡು ಹುಚ್ಚರ ದವಾಖಾನ್ಯಾಗ ಕುಂತಾಳ. ಊರಾಗ ಹೇಳಬ್ಯಾಡ.

ಇಲ್ಲ. ಹೇಳು.

ಹನುಮವ್ವ